ನನ್ನ ಬಲಗಿವಿಯ ಬೆಲೆ

ನೋವು ಮೊದಲು ಕಾಣಿಸಿದ್ದು ಮಾರ್ಟಳ್ಳಿಯಲ್ಲಿ, ಒಂದು ಜೊತೆ ಎತ್ತಿನ ವ್ಯಾಪಾರ ಕುದುರುವ ಹೊತ್ತಿಗೆ. ಬಲಗಿವಿಯ ಹಿಂದೆ, ಮೂಳೆಯ ಒಳಗೆ. ಗೋಣಿ ಹೊಲಿಯುವ ದಬ್ಬಳವನ್ನು ಒಳಗಿನಿಂದ ಹೊರಕ್ಕೆ ಚುಚ್ಚಿದ ಹಾಗೆ.

ನಾನು ಮುಖ ಕಿವುಚಲಿಲ್ಲ. ಕಿವುಚುವ ಹಾಗಿರಲಿಲ್ಲ. ನನ್ನ ಕೈ ಟವೆಲಿನ ಕೆಳಗೆ ಎತ್ತಿನ ಯಜಮಾನನ ಕೈಯೊಳಗಿತ್ತು.

ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ದನದ ವ್ಯಾಪಾರದಲ್ಲಿ ನಾವು ದಲ್ಲಾಳಿಗಳು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ಟವೆಲನ್ನು ಇಬ್ಬರ ಕೈಗಳ ಮೇಲೂ ಹಾಸುತ್ತೇವೆ. ಅದರ ಕೆಳಗೆ ಬೆರಳು ಹಿಡಿದು ಮಾತಾಡುತ್ತೇವೆ. ಎಷ್ಟು ಬೆರಳು ಹಿಡಿದರೆ ಅಷ್ಟು, ಬೆರಳನ್ನು ಮಡಿಚಿ ಹಿಡಿದರೆ ಅರ್ಧ. ಒಪ್ಪಿಗೆಯಿಲ್ಲದವನು ಕೈಯನ್ನು ಹೊರಕ್ಕೆ ಎಳೆದುಕೊಳ್ಳುತ್ತಾನೆ, ಅಲ್ಲಿಗೆ ವ್ಯಾಪಾರ ಮುರಿಯಿತು. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಬೆಲೆ ಗೊತ್ತಾಗುವುದು ಎರಡು ಕೈಗಳಿಗೆ ಮಾತ್ರ. ಟವೆಲಿನ ಕೆಳಗಿನ ಮಾತನ್ನು ಮೂರನೆಯವರಿಗೆ ಹೇಳಿದವನ ಕೈಯನ್ನು ಮುಂದಿನ ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಹೊರಗೆ ಕಾಣುವುದು ಮುಖ ಒಂದೇ. ಆ ಮುಖ ಏನನ್ನೂ ಹೇಳಬಾರದು. ಶಾಗ್ಯದಲ್ಲಿ ಬೇರೆಯವರ ದನ ಮೇಯಿಸಿಕೊಂಡಿದ್ದ ನಾನು ಕೊಳ್ಳೇಗಾಲದಲ್ಲಿ ಸ್ವಂತ ಮನೆ ಕಟ್ಟಿದ್ದು ಓದಿನಿಂದಲ್ಲ, ಯಾರ ದಯದಿಂದಲೂ ಅಲ್ಲ. ಏನನ್ನೂ ಹೇಳದ ಈ ಮುಖದಿಂದ.

ಅದೇ ಮುಖ ನನಗೆ ಮೊದಲು ಕೈಕೊಟ್ಟಿತು.

ಎರಡು ದಿನ ನೋವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಸ್ಸಿನ ಕಿಟಕಿಯ ಗಾಳಿ ಹೊಡೆದಿದೆ ಎಂದುಕೊಂಡೆ. ನನ್ನ ಹೆಂಡತಿ ರತ್ನ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಎರಡು ಹನಿ ಬಿಟ್ಟಳು. ಇಲ್ಲಿ ಮೊದಲನೆಯ ಮಾತು ಹೇಳಿಬಿಡುತ್ತೇನೆ, ದಯವಿಟ್ಟು ಕೇಳಿ: ಕಿವಿಗೆ ಎಣ್ಣೆ ಬಿಡಬೇಡಿ. ಒಳಗೇನಿದೆ ಎಂದು ನೋಡಬೇಕಾದ ಡಾಕ್ಟರಿಗೆ ಎಣ್ಣೆಯೇ ಅಡ್ಡ ಬರುತ್ತದೆ.

ಮೂರನೆಯ ದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿದೆ. ನೀರು ನಾನು ಉಗುಳುವ ಮೊದಲೇ ಬಲಗಡೆಯಿಂದ ತಾನೇ ಸುರಿಯಿತು. ಟೀ ಕುಡಿಯಲು ಕೂತೆ. ಅದೂ ಅಂಗಿಯ ಮೇಲೆ.

"ಅದ್ಯಾಕಿ ಚಿಕ್ ಕೂಸಿನ್ ತರ ಸೋರುಸ್ಕತೀರಿ?" ಎಂದು ರತ್ನ ನಕ್ಕಳು. ನಾನೂ ನಕ್ಕೆ. ಅವಳ ನಗು ನಿಂತುಹೋಯಿತು.

"ಅಯ್ಯೋ, ಇನ್ನೊಂದ್ ಸಲ ನಗಿ ನೋಡ್ವ."

ಕನ್ನಡಿ ತಂದಳು. ಎಡಗಡೆ ನಾನಿದ್ದೆ. ಬಲಗಡೆ ಇನ್ನಾರೋ ಇದ್ದ. ಆ ಕಡೆಯ ಕೆನ್ನೆ ಇಳಿದು ಜೋತುಬಿದ್ದಿತ್ತು. ರೆಪ್ಪೆ ಮುಚ್ಚಿದರೆ ಮುಚ್ಚುತ್ತಿರಲಿಲ್ಲ, ಬಿಳಿಗುಡ್ಡೆ ಮೇಲಕ್ಕೆ ಹೊರಳುತ್ತಿತ್ತು.

ಲಕ್ವ.

ಆ ಮಾತನ್ನು ರತ್ನ ಬಾಯಲ್ಲಿ ಹೇಳಲಿಲ್ಲ. ಯಳಂದೂರಿಗೆ, ಅವಳ ತಮ್ಮ ಮಾದೇಶನಿಗೆ ಫೋನ್ ಮಾಡಿದಳು. ಮಾದೇಶ ಬಾಡಿಗೆ ಕಾರು ಓಡಿಸುತ್ತಾನೆ. ಪಿಯುಸಿ ಓದಿದ್ದಾನೆ, ಇಂಗ್ಲಿಷ್ ಕಾಗದ ಬಂದರೆ ನಮ್ಮ ಮನೆಗೆ ಅವನೇ ಓದಿ ಹೇಳುವವನು. ಅವನ ಕಾರಿಗೆ ಸಾಲ ಕೊಡಿಸುವಾಗ ಜಾಮೀನು ನಿಂತವನು ನಾನು. ಅವತ್ತು ಅವನು ಬಂದ ವೇಗ ನೋಡಿ, ಒಡಹುಟ್ಟಿದವನು ಇದ್ದರೆ ಹೀಗಿರಬೇಕು ಎಂದು ರತ್ನನಿಗೆ ನಾನೇ ಹೇಳಿದ್ದೆ.

ಕಿವಿಯಿಂದ ಶುರುವಾಗಿದ್ದರಿಂದ ಕೊಳ್ಳೇಗಾಲದಲ್ಲೇ ಒಬ್ಬರು ಇಎನ್‌ಟಿ ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹುಬ್ಬು ಎತ್ತಿಸಿದರು. ಕಣ್ಣು ಬಿಗಿಯಾಗಿ ಮುಚ್ಚಿಸಿದರು. "ಹಲ್ಲು ತೋರಿಸಿ" ಎಂದರು. ನಲವತ್ತು ಊರಿನ ದನಗಳ ಬಾಯಿ ಬಿಡಿಸಿ ಹಲ್ಲು ನೋಡಿದವನು ನಾನು, ಆ ಹೊತ್ತು ನನ್ನ ಬಾಯಿ ನೋಡಿಸಿಕೊಂಡೆ.

"ಲಕ್ವ ಅಲ್ಲ," ಎಂದರು. "ಲಕ್ವ ಆಗಿದ್ದರೆ ಹಣೆಯ ನೆರಿಗೆ ಸಾಮಾನ್ಯವಾಗಿ ಉಳಿಯುತ್ತದೆ. ನಿಮ್ಮ ಹಣೆಯೂ ಅಲ್ಲಾಡುತ್ತಿಲ್ಲ. ಇದು ಮಿದುಳಿನದ್ದಲ್ಲ, ಮುಖಕ್ಕೆ ಬರುವ ನರದ್ದು. ಚಿಕ್ಕವರಿದ್ದಾಗ ಅಮ್ಮ ಆಗಿತ್ತಾ? ಮೈಮೇಲೆ ನೀರುಗುಳ್ಳೆ?"

"ಆಗಿತ್ತು ಮೇಡಂ. ಬೇವಿನ ಸೊಪ್ಪು ಹಾಸಿ ಮಲಗ್ಸಿದ್ರು."

"ಆ ವೈರಸ್ ಹೋಗಿರುವುದಿಲ್ಲ. ನರದ ಬುಡದಲ್ಲಿ ಮಲಗಿರುತ್ತದೆ. ಈಗ ಎದ್ದಿದೆ ಅಂತ ನನ್ನ ಅನುಮಾನ. ಕಿವಿಯಲ್ಲಿ ಗುಳ್ಳೆ ಎದ್ದಿದ್ದರೆ ಅನುಮಾನವೇ ಇರುತ್ತಿರಲಿಲ್ಲ. ಕೆಲವರಿಗೆ ತಡವಾಗಿ ಏಳುತ್ತದೆ, ಕೆಲವರಿಗೆ ಏಳುವುದೇ ಇಲ್ಲ."

ಇದನ್ನು ಕೇಳಿ ನನಗೆ ಬೇಸರಕ್ಕಿಂತ ಅವಮಾನವಾಯಿತು. ಅಷ್ಟು ವರ್ಷ ನನ್ನ ಅನ್ನ ತಿಂದುಕೊಂಡು, ನನ್ನದೇ ತಲೆಯೊಳಗೆ ಸುಮ್ಮನೆ ಮಲಗಿದ್ದು, ನಾನು ನಾಲ್ಕು ಕಾಸು ಮಾಡಿ ನೆಮ್ಮದಿಯಾಗಿ ಕೂರುವ ಹೊತ್ತಿಗೆ ಎದ್ದು ಕಚ್ಚಿತಲ್ಲ ಎಂದು.

ಡಾಕ್ಟರು ವೈರಸ್‌ಗೆಂದು ದಿನಕ್ಕೆ ಐದು ಸಲ ನುಂಗುವ ಮಾತ್ರೆ ಬರೆದರು. ಬೆಳಿಗ್ಗೆಗೆ ಸ್ಟಿರಾಯ್ಡ್ ಬರೆದರು. ಕಣ್ಣಿಗೆ ಡ್ರಾಪ್ಸ್. ಆಮೇಲೆ ಎಂಆರ್‌ಐ ಚೀಟಿ. ಅದರಲ್ಲಿ ಒಂದು ಪದಕ್ಕೆ ಅಡಿಗೆರೆ ಎಳೆದರು: ವಿತ್ ಕಾಂಟ್ರಾಸ್ಟ್.

"ಕೈಯ ರಕ್ತನಾಳಕ್ಕೆ ಒಂದು ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ಮಾಡುತ್ತಾರೆ. ಅದಕ್ಕೆ ಮೊದಲು ಕಿಡ್ನಿ ಸರಿಯಿದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ. ಗಡ್ಡೆ ಏನಾದರೂ ನರವನ್ನು ಒತ್ತುತ್ತಿದೆಯಾ ಅಂತಲೂ ಗೊತ್ತಾಗಬೇಕು. ಆದರೆ ಮಾತ್ರೆ ಇವತ್ತೇ ಶುರು, ಸ್ಕ್ಯಾನಿಗೆ ಕಾಯಬೇಡಿ. ರಿಪೋರ್ಟ್ ಬಂದ ತಕ್ಷಣ ತಂದು ತೋರಿಸಿ."

ಎಷ್ಟು ಸ್ಪಷ್ಟವಾಗಿ ಹೇಳಿದ್ದರು ಎಂದು ಈಗ ಬರೆಯುವಾಗ ತಿಳಿಯುತ್ತದೆ. ಒಂದು ಮಾತೂ ಮುಚ್ಚಿಟ್ಟಿರಲಿಲ್ಲ. ನನ್ನ ಜೊತೆ ಬಚ್ಚಿಡದೆ ಮಾತಾಡಿದವರು ಆ ವಾರದಲ್ಲಿ ಅವರೊಬ್ಬರೇ.

ಮಾರನೆಯ ದಿನ ಮಾದೇಶ ತನಗೆ ಗೊತ್ತಿರುವ ಸ್ಕ್ಯಾನ್ ಸೆಂಟರಿಗೆ ಕರೆದುಕೊಂಡು ಹೋದ. ಅದರ ಹೆಸರಾಗಲಿ ಊರಾಗಲಿ ಬರೆಯುವುದಿಲ್ಲ. ಕೌಂಟರಿನಲ್ಲಿದ್ದವನು ಚೀಟಿ ನೋಡಿದ. ರಕ್ತದ ರಿಪೋರ್ಟ್ ಕೇಳಿದ. ನಾವು ರಕ್ತ ಕೊಟ್ಟೇ ಇರಲಿಲ್ಲ. ಈಗ ಕೊಟ್ಟರೆ ಸ್ಕ್ಯಾನ್ ನಾಳೆ ಎಂದ. ಮಾರನೆಯ ದಿನ ಹನೂರಿನಲ್ಲಿ ಸಂತೆ, ಮೂರು ಜೊತೆ ಎತ್ತಿಗೆ ನಾನು ಮಾತು ಕೊಟ್ಟಿದ್ದೆ. ಅವನು ಹೇಳಿದ ರೇಟೂ ನನಗೆ ಹಿಡಿಸಲಿಲ್ಲ.

ಅಭ್ಯಾಸ ಬಿಡುತ್ತದೆಯೇ? ಬಾಯಿ ಸೊಟ್ಟಗಿದ್ದರೂ ಚೌಕಾಸಿ ಶುರು ಮಾಡಿದೆ.

"ಒಸಿ ನೋಡ್ಕಂಡ್ ಯೋಳಪ್ಪ. ನಾವೇನ್ ದಿನಾ ಬರೋರಾ?"

ಅವನು ನನ್ನನ್ನು ನೋಡಲಿಲ್ಲ. ಮಾದೇಶನನ್ನು ನೋಡಿದ. ಮಾದೇಶ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಸಣ್ಣಗೆ ತಲೆ ಆಡಿಸಿದ.

"ಇಂಜೆಕ್ಷನ್ ಬ್ಯಾಡ ಅಂದ್ರೆ ಈಗ್ಲೇ ಆಗೋಯ್ತದೆ ಸಾ. ರಕ್ತ ಪರೀಕ್ಷೆನೂ ಬ್ಯಾಡ. ರೇಟೂ ಕಮ್ಮಿ."

ಎದೆ ಉಬ್ಬಿತು. ಆದರೂ ನಾನು ಕೇಳಿದೆ, ಕೇಳದೆ ಬಿಡಲಿಲ್ಲ: "ಇಂಜೆಕ್ಷನ್ ಇಲ್ದಿದ್ರೆ ಏನಾರ ವ್ಯತ್ಯಾಸ ಅದಾ?"

"ಮಿಷಿನ್ ಅದೇ ಅಲ್ವಾ ಸಾ."

ಈ ಉತ್ತರವನ್ನು ಇನ್ನೊಮ್ಮೆ ಓದಿ. ಅದರಲ್ಲಿ ಸುಳ್ಳಿಲ್ಲ. ಎತ್ತಿನ ಕಾಲು ಕುಂಟುತ್ತದಾ ಎಂದು ಕೇಳಿದವನಿಗೆ ಕೊಂಬು ಎಷ್ಟು ಚಂದ ಇದೆ ನೋಡಿ ಎನ್ನುವ ಉತ್ತರ ಅದು. ಮೂವತ್ತು ವರ್ಷ ನಾನೇ ಆಡಿದ ಭಾಷೆ. ಅದನ್ನು ನನಗೇ ಆಡಿದಾಗ ನನಗೆ ಗೊತ್ತಾಗಲಿಲ್ಲ. ರೋಗಿಯಾಗಿ ನಿಂತವನಿಗೆ ವ್ಯಾಪಾರಿಯ ಕಿವಿ ಇರುವುದಿಲ್ಲ.

ಕಿವಿಯ ಕಡಕು, ಬೆಳ್ಳಿಯ ಉಡಿದಾರ ಎಲ್ಲ ಬಿಚ್ಚಿಸಿ ಆ ಕೊಳವೆಯೊಳಗೆ ತಳ್ಳಿದರು. ಕರಿಕಲ್ಲಿನ ಕ್ವಾರಿಯಲ್ಲಿ ಕಂಪ್ರೆಸರ್ ಹೊಡೆಯುವ ಸದ್ದು. ಅಲ್ಲಾಡದೆ ಮಲಗಿದೆ. ಮನಸ್ಸಿನಲ್ಲಿ ಒಂದೇ ಸಮಾಧಾನ, ಚೌಕಾಸಿ ಗೆದ್ದೆ ಎಂದು.

ಸಂಜೆ ರಿಪೋರ್ಟ್ ಬಂತು. ಮಾದೇಶ ಕಾರಿನ ಬಾನೆಟ್ಟಿನ ಮೇಲಿಟ್ಟು ಸಾಲಿನ ಕೆಳಗೆ ಬೆರಳು ಓಡಿಸುತ್ತ ಓದಿದ. ಬೆರಳು ಕಾಗದದ ಕೊನೆಯವರೆಗೂ ಹೋಯಿತು. ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಕಾಗದ ಮಡಿಚಿದ.

"ನಾರ್ಮಲ್ ಭಾವ. ತಲೆ ಒಳಗೆ ಏನೂ ಇಲ್ಲ."

"ನಂಗ್ ಮೊದ್ಲೇ ಗೊತ್ತಿತ್ತು," ಎಂದು ರತ್ನ ಹಿಂದಿನ ಸೀಟಿನಿಂದ ಅಂದಳು. ಮೂವರೂ ನಕ್ಕೆವು. ನಾನು ಅರ್ಧ ನಕ್ಕೆ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ಸ್ಕ್ಯಾನೇ ನಾರ್ಮಲ್ ಅಂದಮೇಲೆ ಮಾತ್ರೆ ಯಾಕೆ ಎಂದುಕೊಂಡೆ. ಅದನ್ನು ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಎರಡು ದಿನ ನುಂಗಿದವನು ಬಿಟ್ಟೆ. ಒಡೆಯದೆ ಉಳಿದಿದ್ದ ಸ್ಟ್ರಿಪ್‌ಗಳನ್ನು ಮೆಡಿಕಲ್ ಸ್ಟೋರಿಗೆ ವಾಪಸ್ ಕೊಟ್ಟುಬಂದೆ. ಡಾಕ್ಟರಿಗೆ ರಿಪೋರ್ಟ್ ತೋರಿಸಲು ಹೋಗಲಿಲ್ಲ. ನಾರ್ಮಲ್ ಎಂದು ಹೇಳಿಸಿಕೊಳ್ಳಲು ಮತ್ತೆ ಯಾಕೆ ಕ್ಯೂ? ಹರಳೆಲೆ ಬಿಸಿ ಮಾಡಿ ಕೆನ್ನೆಗೆ ಶಾಖ ಕೊಟ್ಟುಕೊಂಡು ಸಂತೆಗೆ ಹೋದೆ.

ಸಂತೆಯಲ್ಲಿ ಮಾರ್ಟಳ್ಳಿಯ ಅದೇ ಎತ್ತಿನ ಯಜಮಾನ ಸಿಕ್ಕಿದ. ಮುಖ ನೋಡಿ, "ಏನ್ ನಂಜಣ್ಣ, ಅರ್ಧ ಮುಖ್ದಲ್ಲೇ ನಗ್ತೀಯ, ಬಾಕಿ ಅರ್ಧ ಯಾರ್ಗ್ ಎತ್ತಿಟ್ಟಿದ್ದೀಯ?" ಎಂದ. ಎಲ್ಲರೂ ನಕ್ಕರು.

"ಬಾಕಿ ಅರ್ಧ ನಿನ್ ಎತ್ಗೆ ಹಲ್ಲ್ ಬಂದಾಗ ನಗ್ತೀನಿ ಕಣ್ಲಾ," ಎಂದೆ. ಮಾತು ತೊದಲಿತು. 'ಪ' ಎನ್ನಲು ಹೋದರೆ ಗಾಳಿ ಬಲಗಡೆಯಿಂದ ಸೋರಿಹೋಗುತ್ತಿತ್ತು.

ಎರಡು ದಿನ ಬಿಟ್ಟು ಒಡೆಯರಪಾಳ್ಯದಿಂದ ಒಬ್ಬರು ಹಸುವಿನ ವಿಷಯಕ್ಕೆ ಫೋನ್ ಮಾಡಿದರು. ಹಲೋ ಹಲೋ ಅಂದೆ. ಆ ಕಡೆ ಉಸಿರೇ ಇಲ್ಲ. ಫೋನನ್ನು ಅಂಗೈಗೆ ಕುಟ್ಟಿದೆ. ಹೊಸ ಫೋನಿಗೆ ಕೊಟ್ಟ ದುಡ್ಡನ್ನು ನೆನೆದು ಬೈದೆ. ಬೈಯುತ್ತಲೇ ಅದನ್ನು ಎಡಗಿವಿಗೆ ಬದಲಾಯಿಸಿದೆ. "ಎಷ್ಟೊತ್ತಿಂದ ಮಾತಾಡ್ತಾ ಇದ್ದೀನಿ, ಯಾಕ್ರಿ ಬೈತೀರ?" ಎಂಬ ಮಾತು ಕೇಳಿಸಿತು.

ಫೋನ್ ಕೆಟ್ಟಿರಲಿಲ್ಲ.

ಅದರ ಮಾರನೆಯ ದಿನ ಕೊಟ್ಟಿಗೆಯಲ್ಲಿ ಬಗ್ಗಿ ಹಸುವಿನ ಹಗ್ಗ ಬಿಚ್ಚುತ್ತಿದ್ದೆ. ನೆಲ ಮಗುಚಿಕೊಂಡಿತು. ಮೇವಿನ ಗೊಂತನ್ನು ಹಿಡಿದುಕೊಳ್ಳಲು ಹೋದರೆ ಗೊಂತೇ ತಿರುಗಿತು. ಸಗಣಿಯ ಮೇಲೆ ಬಿದ್ದು ವಾಂತಿ ಮಾಡಿಕೊಂಡೆ. ರತ್ನ ತೊಳೆದು ಒರೆಸುವಾಗ ಕಿವಿಯ ಒಳಮಡಿಕೆಯಲ್ಲಿ ಅಕ್ಕಿಕಾಳಿನಂಥ ಗುಳ್ಳೆಗಳನ್ನು ಕಂಡಳು. ಐದಾರು ಇದ್ದವು. ಡಾಕ್ಟರು ಹೇಳಿದ್ದ ಗುಳ್ಳೆಗಳು.

ನೆರೆಮನೆಯವರ ಆಟೋದಲ್ಲಿ ಅದೇ ಡಾಕ್ಟರ ಹತ್ತಿರ ಹೋದೆವು. ಮಾದೇಶ ಬಾಡಿಗೆಗೆ ಹೋಗಿದ್ದ. ನಾನು ರಿಪೋರ್ಟನ್ನು ಹೆಮ್ಮೆಯಿಂದಲೇ ಮುಂದಿಟ್ಟೆ. ನಾರ್ಮಲ್ ಇದ್ದರೂ ಹೀಗಾಗುತ್ತಿದೆಯಲ್ಲ ಮೇಡಂ ಎಂದೆ.

ಅವರು ಫಿಲಂಗಳನ್ನು ಬೆಳಕಿಗೆ ಹಿಡಿದರು. ಒಂದೊಂದಾಗಿ. ಆಮೇಲೆ ಕವರಿನೊಳಗೆ ಮತ್ತೇನಾದರೂ ಇದೆಯಾ ಎಂದು ಕೈಹಾಕಿ ನೋಡಿದರು.

"ಕಾಂಟ್ರಾಸ್ಟ್ ಎಲ್ಲಿ?"

ನಾನು ರತ್ನನ ಮುಖ ನೋಡಿದೆ.

"ಇಂಜೆಕ್ಷನ್ನೇ ಹಾಕಿಲ್ಲ. ಇಲ್ಲಿ ಕೊನೆಯಲ್ಲಿ ಬರೆದಿದ್ದಾರಲ್ಲ, ಓದಲಿಲ್ಲವಾ?" ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದರು: ಕಾಂಟ್ರಾಸ್ಟ್ ಕೊಟ್ಟಿಲ್ಲ, ನರದ ಸೋಂಕಿನ ಅನುಮಾನವಿದ್ದರೆ ಕಾಂಟ್ರಾಸ್ಟ್ ಹಾಕಿ ಮತ್ತೆ ಸ್ಕ್ಯಾನ್ ಮಾಡಬೇಕು. ಸೆಂಟರಿನಲ್ಲಿ ಫಿಲಂ ನೋಡಿ ರಿಪೋರ್ಟ್ ಬರೆದ ಡಾಕ್ಟರು ಯಾರೋ, ಅವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಕಾಗದದ ಕಟ್ಟಕಡೆಯ ಸಾಲು.

ಮಾದೇಶನ ಬೆರಳು ನಿಂತಿದ್ದ ಸಾಲು.

"ಈ ಸೆಂಟರಿಗೆ ಯಾಕೆ ಹೋದಿರಿ?" ಎಂದು ಡಾಕ್ಟರು ಕೇಳಿದರು.

"ನಮ್ ಭಾಮೈದ ಕರ್ಕಂಡ್ ಓದ. ಕಾರ್ ಓಡಿಸ್ತಾನೆ."

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಪೆನ್ನು ಎತ್ತಿಕೊಂಡರು. ಆ ನೋಟ ನನಗೆ ಅರ್ಥವಾಯಿತು. ನಾನೇ ದಲ್ಲಾಳಿ. ಗಿರಾಕಿಯನ್ನು ಕರೆತಂದವನಿಗೆ ಪಾಲು ಇರುತ್ತದೆ ಎಂದು ನನಗೆ ಯಾರು ಕಲಿಸಬೇಕು? ಕೌಂಟರಿನವನು ನನ್ನನ್ನು ಬಿಟ್ಟು ಮಾದೇಶನ ಮುಖ ಯಾಕೆ ನೋಡಿದ, ಮಾದೇಶ ತಲೆ ಯಾಕೆ ಆಡಿಸಿದ, ಕೊನೆಯ ಸಾಲನ್ನು ಯಾಕೆ ಮಡಿಚಿಟ್ಟ, ಎಲ್ಲವೂ ಒಂದೇ ಸಲ ತಿಳಿಯಿತು. ನನ್ನ ಕಣ್ಣ ಮುಂದೆಯೇ, ಟವೆಲ್ ಕೂಡ ಹಾಸದೆ, ಒಂದು ವ್ಯಾಪಾರ ನಡೆದಿತ್ತು. ದನ ಯಾವುದು ಎಂದು ನನಗೆ ಗೊತ್ತಿರಲಿಲ್ಲ.

"ಮಾತ್ರೆ ತಗೊಳ್ತಾ ಇದ್ದೀರ ತಾನೆ?" ಡಾಕ್ಟರ ಮುಂದಿನ ಪ್ರಶ್ನೆ.

ರತ್ನ ನೆಲ ನೋಡಿದಳು. ನಾನು ಮೆಡಿಕಲ್ ಸ್ಟೋರಿನ ಕಥೆ ಹೇಳಿದೆ.

ಡಾಕ್ಟರಿಗೆ ಸಿಟ್ಟು ಬಂತು. ಧ್ವನಿ ಏರಿಸಲಿಲ್ಲ. "ನಾನು ನಿಲ್ಲಿಸಿ ಅಂದಿದ್ದೆನಾ? ಈ ಕಾಯಿಲೆಯನ್ನು ಮೊದಲು ಪತ್ತೆ ಹಚ್ಚುವುದು ಡಾಕ್ಟರ ಕಣ್ಣು. ಸ್ಕ್ಯಾನ್ ಸಾಕ್ಷಿ ಹೇಳುತ್ತದೆ ಅಷ್ಟೆ. ಸಾಕ್ಷಿಯ ಬಾಯಿ ಕಟ್ಟಿ ಕರೆದುಕೊಂಡು ಬಂದಿದ್ದೀರಿ."

ಮೈಸೂರಿನ ದೊಡ್ಡಾಸ್ಪತ್ರೆಗೆ ಕಾಗದ ಕೊಟ್ಟರು. ಹೋಗುವ ದಾರಿಯಲ್ಲಿ ಯಳಂದೂರು ಬಂತು. ಮಾದೇಶನ ಮನೆಯ ತಿರುವು ದಾಟುವಾಗ ರತ್ನ ಆ ಕಡೆ ನೋಡಲಿಲ್ಲ. ನಾನು ಬಾಯಿಗೆ ಬಂದ ಹಾಗೆ ಅವನನ್ನು ಬಯ್ಯುತ್ತಿದ್ದೆ. ಅವನ ಕಾರು, ಅವನ ಜಾಮೀನು, ಅವನ ಮದುವೆಗೆ ನಾನು ಓಡಾಡಿದ್ದು, ಎಲ್ಲ ಎತ್ತಿ ಆಡಿದೆ. ಬಹಳ ಹೊತ್ತು ಕೇಳಿಸಿಕೊಂಡು ಅವಳು ಒಂದೇ ಮಾತು ಹೇಳಿದಳು.

"ನೀವ್ ಕಮ್ಮಿ ಮಾಡು ಅಂದ್ರಿ, ಅವ್ನ್ ಮಾಡ್ಸ್ದ. ಭಾವ ಭಾಮೈದ ಇಬ್ರೂ ಸೇರ್ಕಂಡು ನನ್ ಗಂಡುನ್ ಕಿವಿ ಮಾರ್ಬುಟ್ರಿ."



ಮೈಸೂರಿನಲ್ಲಿ ಎರಡನೆಯ ಸ್ಕ್ಯಾನಿಗೆ ರಕ್ತ ಕೊಟ್ಟೆ, ಕಾದೆ, ರೇಟು ಕೇಳಲಿಲ್ಲ. ಅದೇ ಕೊಳವೆ, ಅದೇ ಸದ್ದು. ಅರ್ಧಕ್ಕೆ ನಿಲ್ಲಿಸಿ ಕೈಗೆ ಇಂಜೆಕ್ಷನ್ ಬಿಟ್ಟರು. ತಣ್ಣಗೆ ಏನೋ ತೋಳಿನಲ್ಲಿ ಏರಿತು. ಮತ್ತೆ ಒಳಗೆ ತಳ್ಳಿದಾಗ, ಯಾಕೋ ಏನೋ, ಒಡೆಯರಪಾಳ್ಯದ ಹತ್ತಿರದ ಒಬ್ಬ ಹೆಂಗಸು ನೆನಪಾದಳು. ಹಿಂದೊಮ್ಮೆ ಆಕೆಗೆ ಒಂದು ಮೊಲೆ ಕಟ್ಟಿ ಹಾಲಿಳಿಯದ ಹಸು ಕೊಡಿಸಿದ್ದೆ. "ಹಾಲು ಎಂಗಣ್ಣ?" ಎಂದು ಕೇಳಿದ್ದಳು. "ಕರು ನೋಡವ್ವ, ಎಂಗ್ ನೆಗೀತಾ ಅದೆ!" ಎಂದಿದ್ದೆ. ನಾನೂ ಸುಳ್ಳು ಹೇಳಿರಲಿಲ್ಲ.

ಸ್ಕ್ಯಾನ್ ಮುಗಿದ ಮೇಲೆ ನರರೋಗದ ಡಾಕ್ಟರು ನನ್ನನ್ನೂ ರತ್ನನನ್ನೂ ಕಂಪ್ಯೂಟರ್ ಮುಂದೆ ಕೂರಿಸಿದರು. ವಯಸ್ಸಾದವರು, ನಿಧಾನದ ಮನುಷ್ಯ. ಇಂಜೆಕ್ಷನ್ನಿಗೆ ಮೊದಲಿನ ಚಿತ್ರ ತೋರಿಸಿದರು. ಎಡ ಬಲ ಎರಡೂ ಒಂದೇ ಬೂದುಬಣ್ಣ. ನಾನಾಗಿದ್ದರೂ ನಾರ್ಮಲ್ ಎನ್ನುತ್ತಿದ್ದೆ. ಆಮೇಲೆ ಇಂಜೆಕ್ಷನ್ ಹಾಕಿದ ಮೇಲಿನದು.

ಬಲಗಡೆ ಒಂದು ಎಳೆ ಬೆಳ್ಳಗೆ ಹೊಳೆಯುತ್ತಿತ್ತು.

ಬಿಚ್ಚಿದ ರೇಷ್ಮೆಯ ಎಳೆ ಬಿಸಿಲಿಗೆ ಹಿಡಿದರೆ ಹೊಳೆಯುವುದಿಲ್ಲವೇ, ಅಷ್ಟೇ ಸಣ್ಣದು. ಕಿವಿಯ ಹಿಂದಿನ ಮೂಳೆಯ ಓಣಿಯಲ್ಲಿ ಬಾಗಿ ಹೋಗಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಎಳೆಯೂ ಮಸುಕಾಗಿ ಬೆಳಗುತ್ತಿತ್ತು.

"ಇದು ಮುಖದ ನರ. ಪಕ್ಕದ್ದು ಕೇಳುವ ನರ," ಎಂದು ಡಾಕ್ಟರು ವಿವರಿಸಿದರು. "ವೈರಸ್ ನರಕ್ಕೆ ಉರಿ ಹಚ್ಚಿದಾಗ ಅಲ್ಲಿನ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ನಾವು ಕೊಟ್ಟ ಔಷಧ ಅಲ್ಲಿ ಜಿನುಗುತ್ತದೆ, ಅದಕ್ಕೇ ಹೊಳೆಯುವುದು. ಔಷಧ ಕೊಡದಿದ್ದರೆ ಎಂಥ ಮಿಷಿನ್ ಆದರೂ ಇದನ್ನು ತೋರಿಸುವುದು ಕಷ್ಟ. ಗಡ್ಡೆ ಇಲ್ಲ, ಅದೊಂದು ಒಳ್ಳೆಯ ಸುದ್ದಿ."

"ವಾಸಿ ಆಯ್ತದಾ ಸಾ?"

"ಮೊದಲ ಮೂರು ದಿನದಲ್ಲಿ ಶುರು ಮಾಡಿ ಪೂರ್ತಿ ತೆಗೆದುಕೊಂಡಿದ್ದರೆ ಹೆಚ್ಚು ಧೈರ್ಯ ಹೇಳುತ್ತಿದ್ದೆ. ಮುಖ ಬಹಳಷ್ಟು ಬರಬಹುದು, ತಿಂಗಳುಗಳು ಹಿಡಿಯುತ್ತವೆ. ಕಿವಿಯ ವಿಷಯ ಹೇಳಲಾರೆ."

"ಅರ್ಧನಾರ ಬತ್ತದಾ?"

ಅವರು ನನ್ನ ಭುಜದ ಮೇಲೆ ಕೈಯಿಟ್ಟರು. "ಇದರಲ್ಲಿ ಚೌಕಾಸಿ ಇಲ್ಲ ನಂಜಪ್ಪನವರೇ."

ಒಂದು ವಾರ ಡ್ರಿಪ್ಪಿನಲ್ಲಿ ಔಷಧ ಕೊಟ್ಟರು. ಮಲಗುವಾಗ ಬಲಗಣ್ಣಿಗೆ ಮುಲಾಮು ಹಾಕಿ ಪ್ಲಾಸ್ಟರ್ ಅಂಟಿಸುವುದನ್ನು ರತ್ನ ನರ್ಸಮ್ಮನಿಂದ ಕಲಿತಳು. ಹೀಗಾದವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ, ಮುಖಕ್ಕಿಂತ ಮೊದಲು ಕಣ್ಣು ಕಾಪಾಡಿಕೊಳ್ಳಿ. ಮುಚ್ಚದ ಕಣ್ಣು ಒಣಗಿ ಹುಣ್ಣಾದರೆ ದೃಷ್ಟಿಗೇ ಸಂಚಕಾರ. ಕನ್ನಡಿ ಮುಂದೆ ಕೂತು ಮಾಡುವ ಮುಖದ ವ್ಯಾಯಾಮವನ್ನು ಫಿಸಿಯೋ ಹೇಳಿದಷ್ಟೇ ಮಾಡಿ. ಜಾಸ್ತಿ ಮಾಡಿದರೆ ಬೇಗ ಬರುತ್ತದೆ ಎಂದು ನಾನು ಮಾಡಲು ಹೋದೆ, ಬೈಸಿಕೊಂಡೆ.

ಮೂರನೆಯ ದಿನ ಮಾದೇಶ ಎಳನೀರು ಹಿಡಿದುಕೊಂಡು ವಾರ್ಡಿನ ಬಾಗಿಲಿಗೆ ಬಂದ. ರತ್ನ ಎದ್ದು ಹೋಗಿ ಅಲ್ಲೇ ತಡೆದಳು.

"ಯಾಕಕ್ಕ, ಒಳಗ್ ಬ್ಯಾಡ್ವಾ?"

"ಕೊನೆ ಸಾಲ್ ಓದಿದ್ಯೇನ್ಲಾ?"

ಅವನು ಉತ್ತರ ಕೊಟ್ಟನೋ ಇಲ್ಲವೋ ತಿಳಿಯದು. ನಾನು ಗೋಡೆ ಕಡೆ ತಿರುಗಿಕೊಂಡೆ. ಎಡಗಿವಿ ದಿಂಬಿಗೆ ಒತ್ತಿತು, ಲೋಕ ಪೂರ್ತಿ ನಿಶ್ಶಬ್ದವಾಯಿತು. ಕಿವಿ ಹೋದದ್ದಕ್ಕೆ ಅದೊಂದು ಸಲ ಮಾತ್ರ ಸಮಾಧಾನವಾದದ್ದು. ಮತ್ತೆ ತಿರುಗಿದಾಗ ಎಳನೀರು ಬಾಗಿಲ ಬಳಿ ನೆಲದ ಮೇಲಿತ್ತು, ಅವನಿರಲಿಲ್ಲ.

ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ನಾನು ಕಾಯಿಲೆಗಿಂತ ಹೆಚ್ಚು ಅವನ ಬಗ್ಗೆಯೇ ಯೋಚಿಸಿದೆ. ವೈರಸ್‌ಗೆ ನನ್ನ ಋಣವಿಲ್ಲ. ಕೌಂಟರಿನವನಿಗೆ ನಾನು ಯಾರೋ. ಆದರೆ ಇವನು ನಮ್ಮ ಮನೆಯಲ್ಲಿ ಉಂಡವನು. ಕೊನೆಯ ಸಾಲಿನಲ್ಲಿ ಬೆರಳು ನಿಂತಾಗ ಅವನಿಗೆ ಏನನ್ನಿಸಿರಬಹುದು? ಹೇಳಿದರೆ ಭಾವ ಮತ್ತೆ ಸ್ಕ್ಯಾನ್ ಕೇಳುತ್ತಾನೆ, ಸೆಂಟರಿನಲ್ಲಿ ಜಗಳ ಆಗುತ್ತದೆ, ತನ್ನ ಪಾಲು ಬಯಲಾಗುತ್ತದೆ ಎಂದೇ? ಅಥವಾ ಬರೀ ಸೋಮಾರಿತನವೇ? ಕೇಳಿ ತಿಳಿಯಬಹುದಿತ್ತು. ಕೇಳಲಿಲ್ಲ. ಸಿಟ್ಟನ್ನು ಕಳೆದುಕೊಳ್ಳಲು ನನಗೂ ಮನಸ್ಸಿರಲಿಲ್ಲ.

ಮೂರು ತಿಂಗಳಿಗೆ ಹುಬ್ಬು ಅಲ್ಲಾಡಿತು. ನಾಲ್ಕಕ್ಕೆ ರೆಪ್ಪೆ ಬಹುಮಟ್ಟಿಗೆ ಮುಚ್ಚಿತು. ತಲೆಸುತ್ತು ಹೋಯಿತು. ತುಟಿ ಈಗಲೂ ಒಂದಿಷ್ಟು ಎಡಕ್ಕೆ ಎಳೆಯುತ್ತದೆ. ಊಟ ಮಾಡುವಾಗ ಬಲಗಣ್ಣಲ್ಲಿ ತಾನಾಗಿ ನೀರು ಸುರಿಯುತ್ತದೆ, ನರ ದಾರಿ ತಪ್ಪಿ ಬೆಳೆದರೆ ಹಾಗಂತೆ. ಬಲಗಿವಿ ಬರಲಿಲ್ಲ. ಕಿವಿ ಪರೀಕ್ಷೆಯ ಆಡಿಯೋಗ್ರಾಂ ಮಾಡುವಾಕೆ ಮೂರು ಸಲ ನೋಡಿ, "ಇಷ್ಟೇ ಸರ್" ಎಂದಳು.

ಮತ್ತೆ ಹನೂರು ಸಂತೆಗೆ ಹೋದೆ. ಕೈ ಕಿವುಡಾಗಿಲ್ಲವಲ್ಲ. ಟವೆಲಿನ ಕೆಳಗೆ ಬೆರಳುಗಳು ಮೊದಲಿನಷ್ಟೇ ಸ್ಪಷ್ಟ. ಈಗ ಒಂದು ವ್ಯತ್ಯಾಸ: ಮೊಲೆ ಕಟ್ಟಿದ್ದರೆ, ಗೊರಸು ಒಡೆದಿದ್ದರೆ, ಕೇಳದಿದ್ದರೂ ಹೇಳಿಬಿಡುತ್ತೇನೆ. ಮಾರುವವರಿಗೆ ನಾನು ಬೇಡವಾಗಿದ್ದೇನೆ, ವ್ಯಾಪಾರ ಇಳಿದಿದೆ. ಒಡೆಯರಪಾಳ್ಯದ ಕಡೆಯ ಆ ಹೆಂಗಸಿನ ಮನೆ ಮುಂದೆ ಹೋಗಲು ಇನ್ನೂ ಮುಖ ಬಂದಿಲ್ಲ.

ಒಂದು ಸಂತೆಯ ದಿನ ಹುಣಸೆಮರದ ಕೆಳಗೆ ಕೂತಿದ್ದೆ. ಎದುರಿಗಿದ್ದವರು ನನ್ನ ಬಲಗಡೆ ನೋಡಿ ಮಾತು ನಿಲ್ಲಿಸಿದರು. ತಿರುಗಿದೆ. ಮಾದೇಶ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಯಾವಾಗ ಬಂದು ಕೂತನೋ. ತುಟಿ ಅಲ್ಲಾಡುತ್ತಿತ್ತು, ಕಣ್ಣು ಕೆಂಪಗಿತ್ತು. ಅಷ್ಟು ಹೊತ್ತೂ ಸತ್ತ ಕಿವಿಗೆ ಹೇಳುತ್ತಿದ್ದ.

"...ಗೊತ್ತಾಗ್ಲಿಲ್ಲ ಭಾವ. ಕಿವಿ ಓಯ್ತದೆ ಅಂತ ಗೊತ್ತಿದ್ದಿದ್ರೆ..." ಎಂಬಷ್ಟು ಮಾತ್ರ ಎಡಗಿವಿಗೆ ಸಿಕ್ಕಿತು.

"ಬಾಯಲ್ ಬ್ಯಾಡ," ಎಂದೆ. ಹೆಗಲ ಟವೆಲ್ ತೆಗೆದು ಅವನ ಕೈಮೇಲೆ, ನನ್ನ ಕೈಮೇಲೆ ಹಾಸಿದೆ. "ಆ ಸೆಂಟರ್ನಲ್ಲಿ ಎಷ್ಟ್ ತಕಂಡೆ? ಇದ್ರೊಳಗ್ ಯೋಳು."

ಅವನ ಕೈ ಬೆವೆತಿತ್ತು. ಎದುರಿಗಿದ್ದವರನ್ನು ಒಮ್ಮೆ ನೋಡಿದ. ಆಮೇಲೆ ನನ್ನ ಬೆರಳುಗಳನ್ನು ಹುಡುಕಿ ಹಿಡಿದ. ಹಿಡಿದದ್ದನ್ನು ನಾನು ಎಣಿಸಿದೆ. ಇಷ್ಟೇ ಇರಲಾರದು ಎಂದು ಕಾದೆ. ಮತ್ತೆ ಬೆರಳು ಹಿಡಿಯಲಿಲ್ಲ.

ಮೂವತ್ತು ವರ್ಷದಲ್ಲಿ ಅಷ್ಟು ಅಗ್ಗದ ಬೆಲೆಯನ್ನು ಆ ಟವೆಲಿನ ಕೆಳಗೆ ಯಾರೂ ಹೇಳಿರಲಿಲ್ಲ.

ಬಲಗಣ್ಣಲ್ಲಿ ನೀರು ಇಳಿಯಿತು. ಎದುರಿಗಿದ್ದ ಒಬ್ಬ, "ಯಾಕ್ ನಂಜಣ್ಣ?" ಎಂದ. "ಕಾಯಿಲೆ ಕಣ್ಣು ಕಣಪ್ಪ, ಸುಮ್ನೆ ಸುರೀತದೆ," ಎಂದೆ. ಆದರೆ ಆ ಹೊತ್ತು ನಾನು ಏನನ್ನೂ ತಿನ್ನುತ್ತಿರಲಿಲ್ಲ. ಎಡಗಣ್ಣೂ ಒದ್ದೆಯಾಗಿತ್ತು.

ಮನೆಯಲ್ಲಿ ರತ್ನ ಎಷ್ಟಂತೆ ಎಂದು ಇವತ್ತಿಗೂ ಕೇಳುತ್ತಾಳೆ. ನಾನು ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಅವನನ್ನು ಕ್ಷಮಿಸಿದ್ದೇನೆಂದೂ ಹೇಳಲಾರೆ. ಹಬ್ಬಕ್ಕೆ ಬರುತ್ತಾನೆ, ಊಟಕ್ಕೆ ಕೂರುವಾಗ ನೆನಪಿಟ್ಟುಕೊಂಡು ನನ್ನ ಎಡಗಡೆ ಕೂರುತ್ತಾನೆ. ಇಂಗ್ಲಿಷ್ ಕಾಗದ ಬಂದರೆ ಈಗ ಕೊನೆಯ ಸಾಲಿನಿಂದ ಓದಲು ಶುರು ಮಾಡುತ್ತಾನೆ. ನೀವೂ ಹಾಗೆಯೇ ಓದಿಸಿಕೊಳ್ಳಿ.

ಅವತ್ತು ಹುಣಸೆಮರದ ಕೆಳಗೆ, ಬೆಲೆ ತಿಳಿದ ಮೇಲೂ, ನಾನು ಕೈಯನ್ನು ಹೊರಕ್ಕೆ ಎಳೆದುಕೊಳ್ಳಲಿಲ್ಲ. ಅವನೂ ಎಳೆದುಕೊಳ್ಳಲಿಲ್ಲ.